ಅನ್ನ-ಸಾರು ಬಿಡದೇನೇ ಊಟ ಬ್ಯಾಲೆನ್ಸ್ ಮಾಡೋದು ಹೇಗೆ? ಹಂತ ಹಂತವಾಗಿ ನೋಡೋಣ

ಬ್ಯಾಲೆನ್ಸ್ಡ್ ಊಟ ಅಂದ್ರೆ ಏನು, ಓಟ್ಸ್ ತರ್ಬೇಕಾ, ಕಿನೋವಾ ತರ್ಬೇಕಾ, ಅನ್ನ ಪೂರ್ತಿ ಬಿಟ್ಬಿಡ್ಬೇಕಾ ಅಂತ ಕೇಳೋರು ತುಂಬಾ ಜನ ಇದ್ದಾರೆ. ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಕೊಡೋ ಬದ್ಲು ಒಂದೇ ಕಡೆ ಬರೆದುಬಿಡ್ತೀನಿ. ಮೊದಲೇ ಹೇಳ್ಬಿಡ್ತೀನಿ, ಹೊಸ ಸಾಮಾನು ಏನೂ ಬೇಡ. ನಮ್ಮ ಮೆನುವಿನಲ್ಲಿ ತಪ್ಪಿಲ್ಲ, ಅಳತೆಯಲ್ಲಿದೆ. ಅನ್ನ ಒಂದು ಗುಡ್ಡ, ಸಾರು ತಿಳಿನೀರು, ಪಲ್ಯ ತಟ್ಟೆ ಅಂಚಿಗೆ ಎರಡು ಚಮಚ, ಇದನ್ನ ಸ್ವಲ್ಪ ತಿರುಗಿಸಿದ್ರೆ ಮುಕ್ಕಾಲು ಕೆಲಸ ಮುಗೀತು.

ಬೇಕಾಗಿರೋದು ಇಷ್ಟೇ: ಗ್ರಾಂ ತೋರ್ಸೋ ಒಂದು ಸಣ್ಣ ಅಡುಗೆ ತಕ್ಕಡಿ (ಮೊದಲ ವಾರಕ್ಕೆ ಮಾತ್ರ, ಆಮೇಲೆ ಕಣ್ಣಳತೆ ಬರತ್ತೆ), ನಾಲ್ಕೈದು ಥರ ಬೇಳೆ-ಕಾಳು, ವಾರಕ್ಕೆ ಎರಡು ಸಲ ಸೊಪ್ಪು ತರೋ ಅಭ್ಯಾಸ, ಒಂದು ಬಟ್ಟೆ ಮೊಳಕೆ ಕಟ್ಟೋಕೆ.

ಹಂತ 1: ಈಗ ಎಷ್ಟು ತಿಂತಿದೀರ ಅಂತ ತೂಗಿ ನೋಡಿ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ, ಅಂದ್ರೆ ಎನ್‌ಐಎನ್, 2024ರಲ್ಲಿ ಭಾರತೀಯರಿಗೆ ಅಂತ ಹೊಸ ಆಹಾರ ಮಾರ್ಗಸೂಚಿ ಬಿಟ್ಟಿತ್ತು. ದಿನಕ್ಕೆ 2000 ಕ್ಯಾಲೊರಿ ಬೇಕಾಗೋ ಒಬ್ಬರಿಗೆ ಅದ್ರಲ್ಲಿ ಕೊಟ್ಟಿರೋ ಲೆಕ್ಕ ಹೀಗಿದೆ: ಅಕ್ಕಿ-ರಾಗಿ-ಗೋಧಿ ಎಲ್ಲ ಸೇರಿ 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ ಮತ್ತು ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಅಥವಾ ಮೊಸರು 300 ಮಿಲಿ, ಶೇಂಗಾ-ಎಳ್ಳು-ಬಾದಾಮಿ ಥರದ್ದು 35 ಗ್ರಾಂ, ಎಣ್ಣೆ-ತುಪ್ಪ 27 ಗ್ರಾಂ. ಎಲ್ಲಾ ಹಸಿ ತೂಕ, ಬೇಯಿಸೋಕೆ ಮುಂಚಿನದ್ದು. ಮೊಟ್ಟೆ-ಮೀನು-ಮಾಂಸ ತಿನ್ನೋರು ಕಾಳಿನ ಪಾಲಲ್ಲಿ ಸ್ವಲ್ಪ ಅದಕ್ಕೆ ಬಿಟ್ಟುಕೊಡಬಹುದು.

ಈಗ ನಿಮ್ಮನೆ ಲೆಕ್ಕ ಹಾಕಿ. ನಾಲ್ಕು ಜನ ಇರೋ ಮನೇಲಿ ಮಧ್ಯಾಹ್ನದ ಸಾರಿಗೆ ಎಷ್ಟು ತೊಗರಿಬೇಳೆ ಹಾಕ್ತೀರಿ? ಬಹಳಷ್ಟು ಮನೇಲಿ ಅದು 100 ಗ್ರಾಂ ಆಸುಪಾಸು, ರಾತ್ರಿಗೂ ಅದೇ ಸಾರು. 100 ಗ್ರಾಂ ಬೇಳೇಲಿ ಇರೋ ಪ್ರೋಟೀನ್ ಸುಮಾರು 22 ಗ್ರಾಂ, ನಾಲ್ಕು ಜನಕ್ಕೆ ಹಂಚಿದ್ರೆ ತಲೆಗೆ ಐದೂವರೆ ಗ್ರಾಂ, ಅದೂ ಎರಡು ಹೊತ್ತಿಗೆ ಸೇರಿ! ದೊಡ್ಡವರಿಗೆ ದಿನಕ್ಕೆ ಬೇಕಾಗೋದು ದೇಹದ ತೂಕದ ಕೆಜಿಗೆ 0.83 ಗ್ರಾಂ ಅಂತ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳತ್ತೆ, ಅಂದ್ರೆ 60 ಕೆಜಿ ಇರೋರಿಗೆ ಸುಮಾರು 50 ಗ್ರಾಂ. ನಾವು ಸಾರು ಕುಡೀತೀವಿ, ಬೇಳೆ ತಿಂತೀವಿ ಅಂತ ಅಂದ್ಕೋತೀವಿ ಅಷ್ಟೇ.

ಇಲ್ಲಿ ಆಗೋ ತಪ್ಪು: ಆಲೂಗಡ್ಡೆನ ತರಕಾರಿ ಲೆಕ್ಕಕ್ಕೆ ಸೇರಿಸೋದು. ಅದು ಪಿಷ್ಟ, ಅನ್ನದ ಪಕ್ಕ ಕೂರಬೇಕಾದ್ದು. ಆಲೂ ಪಲ್ಯ ಮಾಡಿದ ದಿನ ಅನ್ನ ಕಮ್ಮಿ ಮಾಡಿ, ತರಕಾರಿ ಆಯ್ತು ಅಂತ ಅಂದ್ಕೋಬೇಡಿ.

ಹಂತ 2: "ಇವತ್ತು ಯಾವ ಕಾಳು?" ಇಂದ ಶುರು ಮಾಡಿ

ಕುಕ್ಕರಲ್ಲಿ ಅಕ್ಕಿ ಇಟ್ಟ ಮೇಲೆ ಇದಕ್ಕೇನು ಮಾಡೋದು ಅಂತ ಯೋಚನೆ ಮಾಡೋದು ನಮ್ಮ ಕ್ರಮ. ಅದನ್ನ ಉಲ್ಟಾ ಮಾಡಿ. ಮೊದ್ಲು ಕಾಳು, ಆಮೇಲೆ ಅದಕ್ಕೆ ಹೊಂದೋ ಸೊಪ್ಪು ಅಥವಾ ತರಕಾರಿ, ಕೊನೆಗೆ ಅದನ್ನ ಅನ್ನಕ್ಕೆ ಹಾಕೋದಾ, ಮುದ್ದೆಗಾ, ರೊಟ್ಟಿಗಾ, ಚಪಾತಿಗಾ ಅಂತ. ಹುರುಳಿ ಅಂದ್ರೆ ಮುದ್ದೆ ತಾನಾಗೇ ಬರತ್ತೆ, ಮಡಿಕೆ ಕಾಳು ಅಂದ್ರೆ ಜೋಳದ ರೊಟ್ಟಿ, ಹೆಸರುಬೇಳೆ-ಪಾಲಕ್ ಅಂದ್ರೆ ಚಪಾತಿ.

ತೊಗರಿ ಒಂದನ್ನೇ ಹಿಡ್ಕೋಬೇಡಿ. ಹೆಸರು, ಅಲಸಂದೆ, ಹುರುಳಿ, ಕಡಲೆ, ಮಡಿಕೆ, ಚಳಿಗಾಲದಲ್ಲಿ ಅವರೆ, ಒಣಕಾಳಾಗಿ ತಗೊಂಡ್ರೆ ಎಲ್ಲದ್ರಲ್ಲೂ 100 ಗ್ರಾಂಗೆ ಸುಮಾರು 20ರಿಂದ 24 ಗ್ರಾಂ ಪ್ರೋಟೀನ್ ಇರತ್ತೆ. ಅಕ್ಕಿ-ಗೋಧಿಯಂಥ ಧಾನ್ಯದಲ್ಲಿ ಲೈಸೀನ್ ಅನ್ನೋದು ಕಮ್ಮಿ (ಪ್ರೋಟೀನ್ ಕಟ್ಟೋ ಸಣ್ಣ ಘಟಕಗಳಲ್ಲಿ ಒಂದು, ನಮ್ಮ ದೇಹ ಅದನ್ನ ತಾನೇ ತಯಾರು ಮಾಡ್ಕೊಳಲ್ಲ), ಕಾಳಲ್ಲಿ ಅದು ಧಾರಾಳ. ಕಾಳಲ್ಲಿ ಮೆಥಿಯೋನಿನ್ ಅನ್ನೋ ಅಂಥದ್ದೇ ಇನ್ನೊಂದು ಘಟಕ ಕಮ್ಮಿ, ಅದನ್ನ ಧಾನ್ಯ ತುಂಬತ್ತೆ. ಇಡ್ಲಿ, ಹುಗ್ಗಿ, ಬಿಸಿಬೇಳೆ ಬಾತ್ ಎಲ್ಲಾದ್ರಲ್ಲೂ ನಡೆಯೋದು ಇದೇ ಕೊಡುಕೊಳ್ಳುವಿಕೆ.

ಮೊಳಕೆ ಕಟ್ಟೋದು ಹೀಗೆ: ಕಾಳು ಎಂಟು ಗಂಟೆ ನೆನೆಸಿ, ನೀರು ಪೂರ್ತಿ ಬಸಿದು, ಒದ್ದೆ ಬಟ್ಟೇಲಿ ಕಟ್ಟಿ ಪಾತ್ರೇಲಿಟ್ಟು ಮುಚ್ಚಿ. ಹೆಸರುಕಾಳು ಅರ್ಧ ದಿನಕ್ಕೆ ಮೂಗು ತೋರ್ಸತ್ತೆ, ಹುರುಳಿ-ಕಡಲೆಗೆ ಇನ್ನೂ ಸ್ವಲ್ಪ ಹೊತ್ತು ಬೇಕು. ನೆನೆಸೋದ್ರಿಂದ, ಮೊಳಕೆ ಬರ್ಸೋದ್ರಿಂದ ಫೈಟೇಟ್ ಕಮ್ಮಿ ಆಗತ್ತೆ. ಕಬ್ಬಿಣ, ಸತುವಿನಂಥ ಖನಿಜಗಳನ್ನ ಹಿಡಿದಿಟ್ಟುಕೊಂಡು ದೇಹಕ್ಕೆ ಸಿಗದ ಹಾಗೆ ಮಾಡೋ ಪದಾರ್ಥ ಅದು. ಬೇಸಿಗೇಲಿ ಬಟ್ಟೆ ಬಿಚ್ಚಿದಾಗ ಲೋಳೆ ಅಥವಾ ಹುಳಿ ವಾಸನೆ ಬಂದ್ರೆ ಮುಲಾಜಿಲ್ದೆ ಎಸೀರಿ, ತೊಳೆದು ಬಳಸೋಕೆ ಹೋಗ್ಬೇಡಿ. ಬಸುರಿಯರು, ಚಿಕ್ಕ ಮಕ್ಕಳು, ವಯಸ್ಸಾದವರಿಗೆ ಹಸಿ ಮೊಳಕೆ ಬೇಡ, ಬೇಯಿಸಿಯೇ ಕೊಡಿ.

ಹಂತ 3: ಬಸ್ಸಾರು ಕಲೀರಿ

ಒಂದೇ ಅಡುಗೆ ಕಲೀತೀನಿ ಅನ್ನೋರಿಗೆ ನಾನು ಹೇಳೋದು ಇದನ್ನೇ. ಒಂದೇ ಪಾತ್ರೇಲಿ ಸಾರೂ ಆಗತ್ತೆ, ಪಲ್ಯನೂ ಆಗತ್ತೆ, ಕಾಳು-ಸೊಪ್ಪು ಎರಡೂ ತಟ್ಟೆಗೆ ಭರ್ತಿಯಾಗಿ ಬರತ್ತೆ. ಹಳೇ ಮೈಸೂರು ಕಡೆಯವರಿಗೆ ಹೇಳಿಕೊಡೋದೇನೂ ಬೇಡ, ಉಳಿದೋರು ಓದಿ.

ನಾಲ್ಕು ಜನಕ್ಕೆ ಅಲಸಂದೆ ಅಥವಾ ಹೆಸರುಕಾಳು 150 ಗ್ರಾಂ, ರಾತ್ರಿ ನೆನೆಸಿದ್ದು. ದಂಟಿನ ಸೊಪ್ಪು, ಸಬ್ಬಸಿಗೆ, ಹರಿವೆ, ನುಗ್ಗೆ ಸೊಪ್ಪು, ಯಾವ್ದಾದ್ರೂ ಎರಡು ಸೇರಿಸಿ ಬಿಡಿಸಿದ್ಮೇಲೆ ಅರ್ಧ ಕೆಜಿ. ಕಾಳನ್ನ ತೆರೆದ ಪಾತ್ರೇಲಿ, ಎರಡು ಬೆರಳು ಮೇಲೆ ನಿಲ್ಲೋಷ್ಟು ನೀರು ಹಾಕಿ ಮುಕ್ಕಾಲು ಭಾಗ ಬೇಯಿಸಿ. ಹಿಸುಕಿದ್ರೆ ಬಿರಿಬೇಕು ಆದ್ರೆ ಮುದ್ದೆ ಆಗ್ಬಾರ್ದು, ಅಷ್ಟಾದ್ಮೇಲೆ ಉಪ್ಪು, ಹೆಚ್ಚಿದ ಸೊಪ್ಪು ಹಾಕಿ ಐದಾರು ನಿಮಿಷ. ಸೊಪ್ಪಿನ ಹಸಿರು ಇನ್ನೂ ಇದ್ದಾಗಲೇ ಇಳಿಸಿ ಬೇರೆ ಪಾತ್ರೆಗೆ ಬಸಿದುಬಿಡಿ.

ಈಗ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು ಸ್ವಲ್ಪ ಬಾಡಿಸಿ, ತೆಂಗಿನತುರಿ, ಹುಣಸೆಹುಳಿ, ಸಾರಿನ ಪುಡಿ ಹಾಕಿ, ಅದ್ರ ಜೊತೆ ಬಸಿದಿಟ್ಟ ಸೊಪ್ಪು-ಕಾಳಲ್ಲಿ ಒಂದು ಹಿಡಿ ತಗೊಂಡು ನುಣ್ಣಗೆ ರುಬ್ಬಿ. ಈ ಒಂದು ಹಿಡಿ ಮರೀಬೇಡಿ, ಸಾರಿಗೆ ಮೈ ಬರೋದೇ ಇದ್ರಿಂದ. ರುಬ್ಬಿದ್ದನ್ನ ಬಸಿದ ನೀರಿಗೆ ಹಾಕಿ ಕುದಿಸಿ ಒಗ್ಗರಣೆ ಕೊಡಿ, ಸಾರು ರೆಡಿ. ಉಳಿದ ಸೊಪ್ಪು-ಕಾಳಿಗೆ ಸಾಸಿವೆ, ಒಣಮೆಣಸಿನಕಾಯಿ, ಈರುಳ್ಳಿ ಒಗ್ಗರಣೆ, ಮೇಲೆ ಸ್ವಲ್ಪ ತೆಂಗಿನತುರಿ, ಪಲ್ಯ ರೆಡಿ.

ಸೊಪ್ಪು ಬೇಯುವಾಗ ಅದ್ರಲ್ಲಿರೋ ಫೋಲೇಟ್ (ಬಿ ಗುಂಪಿನ ಒಂದು ವಿಟಮಿನ್), ವಿಟಮಿನ್ ಸಿ ಥರದ್ದೆಲ್ಲ ನೀರಿಗೆ ಇಳಿಯತ್ತೆ. ಸೊಪ್ಪು ಬೇಯಿಸಿ ನೀರು ಚೆಲ್ಲೋ ಮನೆಗಳಲ್ಲಿ ಅದು ಸಿಂಕಿಗೆ ಹೋಗತ್ತೆ, ಬಸ್ಸಾರಲ್ಲಿ ಅದೇ ನೀರು ಊಟಕ್ಕೆ ವಾಪಸ್ ಬರತ್ತೆ. ಕುದಿಸಿದಾಗ ವಿಟಮಿನ್ ಸಿ ಒಂದಷ್ಟು ಹಾಳಾಗೋದಂತೂ ಇದ್ದಿದ್ದೇ, ಅದಕ್ಕೆ ತಿನ್ನುವಾಗ ಪಲ್ಯದ ಮೇಲೆ ನಿಂಬೆಹುಳಿ ಹಿಂಡಿ. ಸೊಪ್ಪು-ಕಾಳಲ್ಲಿರೋ ಕಬ್ಬಿಣ ದೇಹಕ್ಕೆ ಹತ್ತೋಕೆ ವಿಟಮಿನ್ ಸಿ ಬೇಕು.

ಎಡವೋ ಜಾಗ ಎರಡು. ಕಾಳು-ಸೊಪ್ಪು ಒಟ್ಟಿಗೆ ಕುಕ್ಕರಿಗೆ ಹಾಕಿ ಮೂರು ವಿಷಲ್ ಕೂಗಿಸಿದ್ರೆ ಸೊಪ್ಪು ಕಪ್ಪಗೆ ಗೊಜ್ಜಾಗಿ ಬಸಿಯೋಕೆ ಏನೂ ಉಳಿಯಲ್ಲ. ಇನ್ನೊಂದು, ನೀರು ಜಾಸ್ತಿ ಹಾಕಿ ಆಮೇಲೆ ಸಾರು ತೆಳುವಾಯ್ತು ಅಂತ ತೆಂಗಿನಕಾಯಿ ಸುರಿಯೋದು.

ಹಂತ 4: 400 ಗ್ರಾಂ ತರಕಾರಿ ಎಲ್ಲಿಂದ ಬರತ್ತೆ?

ಈ ಸಂಖ್ಯೆ ಕೇಳಿ ಎಲ್ರೂ ಗಾಬರಿ ಆಗ್ತಾರೆ. ನಾಲ್ಕು ಜನಕ್ಕೆ ದಿನಕ್ಕೆ ಒಂದೂವರೆ ಕೆಜಿ ಮೇಲೆ! ಒಂದೇ ಪಲ್ಯದಲ್ಲಿ ಅಷ್ಟನ್ನೂ ಮುಗಿಸೋಕೆ ಹೋದ್ರೆ ಯಾರೂ ತಿನ್ನಲ್ಲ, ಹಾಗಾಗಿ ಹರಡಬೇಕು. ಬೆಳಗ್ಗೆ ತಿಂಡೀಲಿ 100 ಗ್ರಾಂ, ಮಧ್ಯಾಹ್ನ ಸಾಂಬಾರು-ಪಲ್ಯ ಸೇರಿ 150, ಒಂದು ಹಸಿ ಐಟಂ 50, ರಾತ್ರಿ 100. ಇಂದೇ ಅಷ್ಟೂ ಬೇಡ, ಈಗ ತಿಂತಿರೋದ್ರ ಮೇಲೆ ವಾರಕ್ಕೆ 50 ಗ್ರಾಂ ಏರಿಸ್ತಾ ಹೋಗಿ, ಹೊಟ್ಟೆಗೂ ನಾರು ಒಗ್ಗಬೇಕಲ್ಲ, ಒಮ್ಮೆಲೇ ಜಾಸ್ತಿ ಮಾಡಿದ್ರೆ ಗ್ಯಾಸ್ ಅಂತ ಬಿಟ್ಟೇ ಬಿಡ್ತೀರ.

ದುಡ್ಡು ಉಳಿಸೋ ದಾರಿಗಳೂ ನಮ್ಮಲ್ಲಿ ಮೊದ್ಲಿಂದ್ಲೂ ಇವೆ. ಹೀರೆಕಾಯಿ ಸಿಪ್ಪೆ ಚಟ್ನಿ, ಮೂಲಂಗಿ ಸೊಪ್ಪಿನ ಪಲ್ಯ, ಬೀಟ್‌ರೂಟ್ ಎಲೆ ಸಾಂಬಾರಿಗೆ, ಕಲ್ಲಂಗಡಿಯ ಬಿಳಿ ಭಾಗ ರುಬ್ಬಿ ದೋಸೆ ಹಿಟ್ಟಿಗೆ (ಕರಾವಳಿಯವರು ಮಾಡ್ತಾರೆ, ಮೆತ್ತಗೆ ಚೆನ್ನಾಗಿ ಬರತ್ತೆ). ಅಮೆರಿಕ, ಯುರೋಪ್ ಕಡೆ ಇರೋರು ದಂಟು-ಸಬ್ಬಸಿಗೆ ಸಿಗಲ್ಲ ಅಂತ ಕೊರಗೋದು ಬೇಡ, ಪಾಲಕ್, ಕೇಲ್, ಚಾರ್ಡ್ ಯಾವ್ದ್ರಲ್ಲಾದ್ರೂ ಬಸ್ಸಾರು ಆಗತ್ತೆ. ಕೇಲ್ ಮಾತ್ರ ಸ್ವಲ್ಪ ಜಾಸ್ತಿ ಬೇಯಬೇಕು. ಡಬ್ಬಿ ಕಾಳು ಬಳಸಿದ್ರೆ ಉಪ್ಪುನೀರು ತೊಳೆದು ಹಾಕಿ.

ಹಂತ 5: ದಿನಕ್ಕೊಂದು ಹಸಿ ಐಟಂ

ಸಲಾಡ್ ಅಂದ್ರೆ ಮುಖ ಸಿಂಡರಿಸೋರು ಕೋಸಂಬರಿಗೆ ಎರಡನೇ ಸಲ ಕೈ ಚಾಚ್ತಾರೆ. ಹೆಸರುಬೇಳೆ ಅರ್ಧದಿಂದ ಮುಕ್ಕಾಲು ಗಂಟೆ ನೆನೆಸಿ (ಕಡಲೆಬೇಳೆ ಆದ್ರೆ ಎರಡು ಗಂಟೆ), ಬಸಿದು, ಸೌತೆಕಾಯಿ ಅಥವಾ ಕ್ಯಾರೆಟ್, ಕೊತ್ತಂಬರಿ, ಹಸಿಮೆಣಸು, ನಿಂಬೆ, ಸಾಸಿವೆ-ಇಂಗಿನ ಒಗ್ಗರಣೆ. ಹಬ್ಬಕ್ಕೆ ಮಾತ್ರ ಅಂತ ಇಟ್ಟಿದ್ದೀವಲ್ಲ, ಅದನ್ನ ವಾರಕ್ಕೆ ಮೂರು ದಿನ ಮಾಡಿ. ಉಪ್ಪನ್ನ ಬಡಿಸೋ ಹೊತ್ತಿಗೆ ಹಾಕಿ, ಮುಂಚೆನೇ ಹಾಕಿದ್ರೆ ಸೌತೆಕಾಯಿ ನೀರು ಬಿಟ್ಟು ಕೆಳಗೆ ಕೆರೆ ಆಗತ್ತೆ.

ಉತ್ತರ ಕರ್ನಾಟಕದವರ ಊಟ ಈ ವಿಷಯದಲ್ಲಿ ನಮ್ಮೆಲ್ಲರಿಗಿಂತ ಮುಂದು ಅಂತ ನನ್ನ ಅಭಿಪ್ರಾಯ: ಜೋಳದ ರೊಟ್ಟಿ, ಮಡಿಕೆ ಕಾಳು ಪಲ್ಯ, ಪಕ್ಕದಲ್ಲಿ ಹಸಿ ಮೆಂತ್ಯ ಸೊಪ್ಪು, ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಮೊಸರು, ಅದ್ರ ಮೇಲೆ ಅಗಸಿ ಅಥವಾ ಗುರೆಳ್ಳು ಚಟ್ನಿಪುಡಿ. ಧಾನ್ಯ, ಕಾಳು, ಸೊಪ್ಪು, ಹಾಲಿನದ್ದು, ಎಣ್ಣೆಬೀಜ, ಎಲ್ಲಾ ಬಂತು. ಮಲೆನಾಡಿನವರಿಗೆ ತಂಬುಳಿ ಇದೆ. ಒಂದೆಲಗ ಅಥವಾ ದೊಡ್ಡಪತ್ರೆ ಎಲೆನ ಚೂರು ತುಪ್ಪದಲ್ಲಿ ಜೀರಿಗೆ-ಮೆಣಸಿನ ಜೊತೆ ಬಾಡಿಸಿ, ತೆಂಗಿನತುರಿ ಜೊತೆ ರುಬ್ಬಿ, ಮಜ್ಜಿಗೆಗೆ ಬೆರೆಸಿದ್ರೆ ಆಯ್ತು. ಬಿಸಿ ಮಾಡೋಕೆ ಹೋಗ್ಬೇಡಿ, ಒಡೆಯತ್ತೆ.

ಹಂತ 6: ಕೊನೆಗೆ ಅನ್ನ, ಮುದ್ದೆ, ರೊಟ್ಟಿ

ಬಡಿಸೋ ಕ್ರಮ ಬದಲಾಯಿಸಿ ಸಾಕು. ಮೊದ್ಲು ಪಲ್ಯ, ಕೋಸಂಬರಿ, ಕಾಳು ತಟ್ಟೆಗೆ ಬರಲಿ, ಅರ್ಧ ತಟ್ಟೆ ತುಂಬಿದ್ಮೇಲೆ ಉಳಿದ ಜಾಗಕ್ಕೆ ಅನ್ನ. ಒಂದು ಹೊತ್ತಿಗೆ ಹಸಿ ಅಕ್ಕಿ ಅಥವಾ ಹಿಟ್ಟು ತಲೆಗೆ 70-80 ಗ್ರಾಂ ಸಾಕಾಗತ್ತೆ, ಹೊಲದಲ್ಲಿ ದುಡಿಯೋರಿಗೆ, ಭಾರದ ಕೆಲಸ ಮಾಡೋರಿಗೆ ಜಾಸ್ತಿನೇ ಬೇಕು, ಕುರ್ಚಿ ಮೇಲೆ ಕೂರೋರ ಲೆಕ್ಕ ಅವರಿಗೆ ಹಾಕ್ಬೇಡಿ.

ರಾಗಿ ಬಗ್ಗೆ ಒಂದು ಮಾತು. 100 ಗ್ರಾಂ ರಾಗೀಲಿ ಕ್ಯಾಲ್ಸಿಯಂ 350 ಮಿಲಿಗ್ರಾಂ ಮೇಲಿದೆ, ಅಕ್ಕೀಲಿ ಅದ್ರ ಹತ್ತನೇ ಒಂದು ಪಾಲೂ ಇಲ್ಲ, ನಾರೂ ಜಾಸ್ತಿ. ಆದ್ರೆ ರಾಗಿ ತಿಂದ್ರೆ ಶುಗರ್ ಏರೋದೇ ಇಲ್ಲ ಅನ್ನೋದು ಸುಳ್ಳು. ಅದ್ರಲ್ಲೂ 100ಕ್ಕೆ 70ರ ಆಸುಪಾಸು ಕಾರ್ಬೋಹೈಡ್ರೇಟೇ ಇರೋದು, ಅಂದ್ರೆ ಕರಗಿ ಸಕ್ಕರೆಯಾಗೋ ಭಾಗ. ದೊಡ್ಡ ಮುದ್ದೆ ಎರಡು ನುಂಗಿ ತೆಳು ಸಾರು ಕುಡಿದ್ರೆ ಗ್ಲೂಕೋಮೀಟರ್ ನಿಮ್ಮ ಪರ ವಾದ ಮಾಡಲ್ಲ. ಮುದ್ದೆ ಚಿಕ್ಕದಿರ್ಲಿ, ಪಕ್ಕದ ಕಾಳು ದೊಡ್ಡದಿರ್ಲಿ. ಮತ್ತೆ ಪ್ಯಾಕೆಟ್ ಮೇಲೆ ರಾಗಿ ಬಿಸ್ಕೆಟ್ ಅಂತ ದೊಡ್ಡದಾಗಿ ಬರೆದಿದ್ರೆ ಹಿಂದೆ ತಿರುಗಿಸಿ ಓದಿ, ಪದಾರ್ಥಗಳ ಪಟ್ಟೀಲಿ ಯಾವ್ದು ಜಾಸ್ತಿ ಇದೆಯೋ ಅದು ಮೊದ್ಲು ಬರೋದು. ಮೊದ್ಲು ಮೈದಾ, ಆಮೇಲೆ ಸಕ್ಕರೆ ಇದ್ರೆ ಅದು ಮಾಮೂಲಿ ಬಿಸ್ಕೆಟ್ಟೇ.

ಹಂತ 7: ತಿಂಡಿ ರಿಪೇರಿ

ನಮ್ಮ ತಿಂಡಿಗಳಲ್ಲೇ ಅಸಲು ಸಮಸ್ಯೆ ಇರೋದು, ಎಣ್ಣೆ ಹಾಕಿದ ರವೆ ಇಲ್ಲ ಎಣ್ಣೆ ಹಾಕಿದ ಅನ್ನ.

ಉಪ್ಪಿಟ್ಟಿಗೆ ಒಂದು ಲೋಟ ರವೆ ಅಂದ್ರೆ ಒಂದೂವರೆ ಲೋಟ ತರಕಾರಿ, ಜೊತೆಗೆ ಬಟಾಣಿ ಅಥವಾ ಸೀಸನ್ನಲ್ಲಿ ಅವರೆಕಾಳು. ರವೆನ ಎಣ್ಣೆ ಇಲ್ದೇ ಹುರಿದಿಟ್ಕೊಳ್ಳಿ, ಒಗ್ಗರಣೆಗೆ ಎರಡು ಟೀ ಚಮಚ ಎಣ್ಣೆ ಸಾಕು. ಚಿತ್ರಾನ್ನಕ್ಕೆ ಶೇಂಗಾ ಧಾರಾಳ, ಬೇಯಿಸಿದ ಮೊಳಕೆ ಹೆಸರುಕಾಳು ಒಂದು ಹಿಡಿ. ಅವಲಕ್ಕಿಗೂ ಹಾಗೇ, ಮೇಲೆ ನಿಂಬೆ ಬಿಡ್ಬೇಡಿ. ಇಡ್ಲಿ-ದೋಸೆ ಚೆನ್ನಾಗೇ ಇವೆ, ಚಟ್ನಿ ಕಮ್ಮಿ ಮಾಡಿ ಗಟ್ಟಿ ಸಾಂಬಾರು ಜಾಸ್ತಿ ಮಾಡಿ. ವಾರಕ್ಕೊಮ್ಮೆ ಹೆಸರುಕಾಳು ದೋಸೆ ಹಾಕಿ, ರಾತ್ರಿ ನೆನೆಸಿದ ಕಾಳಿಗೆ ಒಂದು ಹಿಡಿ ಅಕ್ಕಿ, ಶುಂಠಿ, ಹಸಿಮೆಣಸು ಸೇರಿಸಿ ರುಬ್ಬಿ ಕೂಡ್ಲೇ ಹುಯ್ಯಬಹುದು, ಹುಳಿ ಬರ್ಸೋ ತಾಪತ್ರಯ ಇಲ್ಲ.

ತಿಂಡಿ ಆದ ತಕ್ಷಣ ಕಾಫಿ ಅನ್ನೋದು ನಮ್ಮ ಜನಕ್ಕೆ ಧರ್ಮ ಇದ್ದಂಗೆ, ಗೊತ್ತು. ಆದ್ರೆ ಕಾಫಿ-ಟೀಲಿರೋ ಪದಾರ್ಥಗಳು ಕಬ್ಬಿಣ ಹೀರೋದನ್ನ ತಡೀತವೆ. ಒಂದು ಗಂಟೆ ಅಂತರ ಕೊಡಿ, ರಕ್ತಹೀನತೆ ಇರೋ ಹೆಣ್ಣುಮಕ್ಕಳಂತೂ ಇದನ್ನ ಗಟ್ಟಿಯಾಗಿ ಪಾಲಿಸಿ.

ಹಂತ 8: ಎಣ್ಣೆ, ಉಪ್ಪು

27 ಗ್ರಾಂ ಎಣ್ಣೆ ಅಂದ್ರೆ ಐದಾರು ಟೀ ಚಮಚ, ತುಪ್ಪ-ಬೆಣ್ಣೆ ಸೇರಿ. ಉಪ್ಪು ದಿನಕ್ಕೆ 5 ಗ್ರಾಂ ಒಳಗೆ, ಒಂದು ಮಟ್ಟ ಟೀ ಚಮಚಕ್ಕಿಂತ ಕಮ್ಮಿ, ಇದ್ರಲ್ಲಿ ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ, ಬೇಕರಿ ಖಾರದ್ದೂ ಲೆಕ್ಕಕ್ಕೆ ಬರತ್ತೆ. ಅಷ್ಟೇ, ಇದನ್ನ ಎಳೆಯೋಕೆ ಏನಿಲ್ಲ.

ಒಂದು ದಿನದ ಲೆಕ್ಕ, 60 ಕೆಜಿ ಸಸ್ಯಾಹಾರಿಗೆ

ಬೆಳಗ್ಗೆ ಮೂರು ಇಡ್ಲಿ, ಗಟ್ಟಿ ಸಾಂಬಾರು: ಪ್ರೋಟೀನ್ 10 ಗ್ರಾಂ ಹತ್ರ. ಮಧ್ಯಾಹ್ನ 80 ಗ್ರಾಂ ಹಿಟ್ಟಿನ ಮುದ್ದೆ, 35-40 ಗ್ರಾಂ ಕಾಳು ಬಂದಿರೋ ಬಸ್ಸಾರು-ಪಲ್ಯ, ಒಂದು ಬಟ್ಟಲು ಮೊಸರು: 18ರ ಆಸುಪಾಸು. ಸಂಜೆ ಒಂದು ಹಿಡಿ ಬೇಯಿಸಿದ ಶೇಂಗಾ, ಒಂದು ಸೀಬೆಹಣ್ಣು: 6. ರಾತ್ರಿ ಎರಡು ಚಪಾತಿ, ಹೆಸರುಬೇಳೆ-ಪಾಲಕ್, ಮಲಗೋ ಮುಂಚೆ ಒಂದು ಲೋಟ ಹಾಲು: 17. ಒಟ್ಟು 50 ದಾಟ್ತು, ಪೌಡರ್ ಡಬ್ಬಿ ಇಲ್ದೇನೇ. ಮೊಟ್ಟೆ ತಿನ್ನೋರಿಗೆ ಒಂದು ಮೊಟ್ಟೆಗೆ 6 ಗ್ರಾಂ, ಬಂಗುಡೆ-ಭೂತಾಯಿ ಸಿಗೋ ಕಡೆ 100 ಗ್ರಾಂ ಮೀನಿಗೆ 18ರಿಂದ 20 ಗ್ರಾಂ, ಅವರಿಗೆ ಇನ್ನೂ ಸುಲಭ, ಸಾರಲ್ಲಿ ಮಾಡಿ, ದಿನಾ ತವಾ ಫ್ರೈ ಬೇಡ. ಹಾಲು-ಮೊಸರೂ ಮುಟ್ಟದ ಪೂರ್ತಿ ಸಸ್ಯಾಹಾರಿಗಳು ವಿಟಮಿನ್ ಬಿ12 ಬಗ್ಗೆ ಡಾಕ್ಟರ್ ಹತ್ರ ಮಾತಾಡ್ಲೇಬೇಕು, ಸೊಪ್ಪು-ಕಾಳಿಂದ ಅದು ಬರಲ್ಲ.

ಕಿಡ್ನಿ ತೊಂದರೆ ಇರೋರು ಮೇಲಿನ ಯಾವ ಅಳತೆಯನ್ನೂ ನೇರವಾಗಿ ತಗೋಬೇಡಿ. ಅವರಿಗೆ ಪ್ರೋಟೀನ್, ಪೊಟ್ಯಾಸಿಯಂ ಎರಡಕ್ಕೂ ಮಿತಿ ಇರತ್ತೆ, ಸೊಪ್ಪು ಬಸಿದ ನೀರು ಅವರಿಗೆ ಒಳ್ಳೇದಲ್ಲ. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳೋರು ಅನ್ನ ದಿಢೀರ್ ಅರ್ಧ ಮಾಡಿದ್ರೆ ಶುಗರ್ ಕೆಳಗಿಳಿಯಬಹುದು, ಡಾಕ್ಟರಿಗೆ ಹೇಳಿ ಮಾಡಿ.

ಪಿಜಿ, ಹಾಸ್ಟೆಲಲ್ಲಿ ಇರೋರಿಗೆ

ಅಡುಗೆ ನಮ್ಮ ಕೈಲಿಲ್ಲ ಅನ್ನೋದು ನಿಮ್ಮ ದೂರು. ಸರಿ, ಮೆಸ್ ಸಾರು ಬಡಿಸುವಾಗ ಸೌಟು ತಳಕ್ಕೆ ಹಾಕೋಕೆ ಹೇಳಿ, ಬೇಳೆ ಅಲ್ಲೇ ಕೂತಿರೋದು. ರೂಮಲ್ಲಿ ರಾತ್ರಿ ಒಂದು ಹಿಡಿ ಶೇಂಗಾ ಅಥವಾ ಕಡಲೆಕಾಳು ನೆನೆಸಿಡಿ. ಶೇಂಗಾ ಹಾಗೇ ತಿನ್ನಬಹುದು, ಕಡಲೆ ಬೇಯಿಸಬೇಕು. ಎಲೆಕ್ಟ್ರಿಕ್ ಕುಕ್ಕರ್ ಬಿಡ್ತಾರಾದ್ರೆ ಅದಕ್ಕೂ, ಮೊಟ್ಟೆಗೂ ಆಯ್ತು. ಅದೂ ಬಿಡಲ್ಲ ಅಂದ್ರೆ ಹುರಿಗಡಲೆ, ಪ್ಯಾಕೆಟ್ ಮೊಸರು, ಬರೋ ದಾರೀಲಿ ಎರಡು ಸೌತೆಕಾಯಿ, ಒಂದು ಬಾಳೆಹಣ್ಣು. ಸೌತೆಕಾಯಿಗೆ ಮಸಾಲೆ ಉಪ್ಪು ಬೇಡ ಅಂತ ಗಾಡಿಯವರಿಗೆ ಮೊದ್ಲೇ ಹೇಳಿ, ಅವರ ಕೈ ಬಲು ಬೇಗ ಓಡತ್ತೆ.